ಬೆಳ್ಳಿ ವೈರ್ ಹಾಕಿದರೆ ಆಂಪ್ಲಿಫೈಯರ್ ಚೆನ್ನಾಗಿ ಹಾಡುತ್ತದೆಯೇ? ಅರ್ತ್ ತೆಗೆದರೆ ಗುಂಯ್ ಸದ್ದು ಹೋಗುತ್ತದೆಯೇ?

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರು, ಹಳೆಯ ಸೆಟ್ ರಿಪೇರಿ ಮಾಡುವವರು ಇರುವ ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಮಾತುಗಳು ಪದೇ ಪದೇ ಸುತ್ತುತ್ತಿರುತ್ತವೆ. "ಒಳಗಿನ ವೈರ್‌ಗಳನ್ನು ಬೆಳ್ಳಿಯವಕ್ಕೆ ಬದಲಿಸಿ, ಹೊಸ ಸೆಟ್ ತಂದ ಹಾಗಿರುತ್ತದೆ." "ವೈರ್‌ಗೆ ದಿಕ್ಕು ಇದೆ, ಬಾಣದ ಗುರುತು ನೋಡಿ ಹಾಕಿ." "ಹೊಸ ಕೇಬಲ್ ನೂರು ಗಂಟೆ ಓಡಿದ ಮೇಲೆ ಪಳಗುತ್ತದೆ." ಕೊನೆಯಲ್ಲಿ ಇನ್ನೊಂದು: "ಸೆಟ್ ಗುಂಯ್ ಅನ್ನುತ್ತಿದ್ದರೆ ಪ್ಲಗ್ಗಿನ ಅರ್ತ್ ಪಿನ್ ತೆಗೆದುಬಿಡಿ, ಸದ್ದು ನಿಲ್ಲುತ್ತದೆ."

ಮೊದಲ ಮೂರನ್ನು ನಂಬಿದರೆ ಹಣ ಹೋಗುತ್ತದೆ. ನಾಲ್ಕನೆಯದನ್ನು ನಂಬಿದರೆ ಜೀವವೇ ಹೋಗಬಹುದು. ಹಾಗೆಂದು ವೈರ್ ಯಾವುದಾದರೂ ನಡೆಯುತ್ತದೆ ಎಂದೂ ಅಲ್ಲ. ತಪ್ಪು ವೈರ್ ಹಾಕಿದರೆ ಸದ್ದು ಕೆಡುವುದು ನಿಜ, ಸೆಟ್ ಸುಡುವುದೂ ನಿಜ. ಹಾಗಾದರೆ ವೈರ್‌ನಲ್ಲಿ ನೋಡಬೇಕಾದದ್ದು ಏನು, ಬಿಡಬೇಕಾದದ್ದು ಏನು? ಒಂದೊಂದಾಗಿ ನೋಡೋಣ.

ಒಂದೇ ಪೆಟ್ಟಿಗೆ, ನಾಲ್ಕು ಬೇರೆ ಕೆಲಸ

ಆಂಪ್ಲಿಫೈಯರ್ ಒಳಗೆ ಓಡುವ ವೈರ್‌ಗಳೆಲ್ಲ ನೋಡಲು ಒಂದೇ ತರಹ ಕಂಡರೂ ಅವುಗಳ ಕೆಲಸ ಬೇರೆ ಬೇರೆ.

1. ಕರೆಂಟ್ ಬರುವ ವೈರ್: ಗೋಡೆಯ ಸಾಕೆಟ್‌ನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ. 230 ವೋಲ್ಟ್. ಇಲ್ಲಿ ಮುಖ್ಯವಾದದ್ದು ಸುರಕ್ಷತೆ.

2. ಪವರ್ ಸಪ್ಲೈ ವೈರ್: ಟ್ರಾನ್ಸ್‌ಫಾರ್ಮರ್‌ನಿಂದ ಡಯೋಡ್, ಕೆಪಾಸಿಟರ್, ಬೋರ್ಡ್‌ಗೆ. ಇಲ್ಲಿ ಮುಖ್ಯವಾದದ್ದು ದಪ್ಪ.

3. ಸ್ಪೀಕರ್ ವೈರ್: ಕೆಲವು ಆಂಪಿಯರ್ ಕರೆಂಟ್ ಹೋಗುತ್ತದೆ. ಇಲ್ಲೂ ಮುಖ್ಯವಾದದ್ದು ದಪ್ಪ.

4. ಸಣ್ಣ ಸಿಗ್ನಲ್ ವೈರ್: ಮೈಕ್, ಫೋನ್, ಬ್ಲೂಟೂತ್ ಬೋರ್ಡ್, ವಾಲ್ಯೂಮ್ ಕಂಟ್ರೋಲ್ ನಡುವೆ ಓಡುವವು. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಇಲ್ಲಿ ಮುಖ್ಯವಾದದ್ದು ಹೊರಗಿನ ಸದ್ದು ಒಳಗೆ ನುಗ್ಗದಂತೆ ತಡೆಯುವುದು, ಅಂದರೆ ಶೀಲ್ಡ್.

"ಯಾವ ವೈರ್ ಒಳ್ಳೆಯದು?" ಎಂಬ ಪ್ರಶ್ನೆಗೆ ಅದಕ್ಕೇ ಒಂದು ಉತ್ತರವಿಲ್ಲ. "ಯಾವ ಕೆಲಸಕ್ಕೆ?" ಎಂದು ಮೊದಲು ಕೇಳಬೇಕು.

ಬೆಳ್ಳಿ, ಚಿನ್ನ, ಓಎಫ್‌ಸಿ: ಲೋಹದ ಲೆಕ್ಕ

ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕ ಎಂಬುದು ಸುಳ್ಳಲ್ಲ. ಆದರೆ ಎಷ್ಟು ಉತ್ತಮ? ಸುಮಾರು ಶೇ. 5ರಿಂದ 6ರಷ್ಟು ಮಾತ್ರ. ಈ ಲಾಭವನ್ನು ಒಂದು ಸಾಮಾನ್ಯ ಸೆಟ್‌ನಲ್ಲಿ ಅಳೆದು ನೋಡೋಣ.

0.2 ಮಿ.ಮೀ. ದಪ್ಪದ 7 ಎಳೆಗಳಿರುವ ಸಾಧಾರಣ ತಾಮ್ರದ ವೈರ್ ತೆಗೆದುಕೊಳ್ಳಿ. 30 ಸೆಂ.ಮೀ. ಉದ್ದಕ್ಕೆ ಅದರ ರೋಧ ಸುಮಾರು 0.023 ಓಮ್. ಅದೇ ಅಳತೆಯ ಬೆಳ್ಳಿ ವೈರ್ ಆದರೆ ಸುಮಾರು 0.022 ಓಮ್. ಈ ವೈರ್ ಹೋಗಿ ಸೇರುವುದು 10,000 ಓಮ್ ಅಥವಾ ಅದಕ್ಕಿಂತ ಹೆಚ್ಚಿನ ರೋಧವಿರುವ ಇನ್‌ಪುಟ್‌ಗೆ. ಅಂದರೆ ತಾಮ್ರದಲ್ಲಿ ಕಳೆದುಹೋಗುವ ಸಿಗ್ನಲ್ಲೇ ಹತ್ತು ಲಕ್ಷದಲ್ಲಿ ಎರಡು ಮೂರು ಭಾಗ. ಬೆಳ್ಳಿ ಉಳಿಸಿಕೊಡುವುದು ಅದರಲ್ಲಿ ಇಪ್ಪತ್ತನೇ ಒಂದು ಪಾಲು. ವಾಲ್ಯೂಮ್ ಗುಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬದಲಾವಣೆ ಆಗುತ್ತದೆ.

ಬೆಳ್ಳಿಯಷ್ಟು ಕಡಿಮೆ ರೋಧ ತಾಮ್ರದಲ್ಲೇ ಬೇಕಿದ್ದರೆ ಅದಕ್ಕೊಂದು ಅಗ್ಗದ ದಾರಿ ಇದೆ: ಸ್ವಲ್ಪ ದಪ್ಪದ ತಾಮ್ರದ ವೈರ್ ಹಾಕುವುದು.

ಚಿನ್ನದ ಕತೆ ಇನ್ನೂ ಸ್ವಾರಸ್ಯ. ಚಿನ್ನ ತಾಮ್ರಕ್ಕಿಂತ ಒಳ್ಳೆಯ ವಾಹಕ ಎಂದು ಹಲವರು ತಿಳಿದಿದ್ದಾರೆ. ನಿಜ ಅದಕ್ಕೆ ತಿರುಗುಮುರುಗು, ತಾಮ್ರವೇ ಚಿನ್ನಕ್ಕಿಂತ ಉತ್ತಮ ವಾಹಕ. ಹಾಗಾದರೆ ಪಿನ್‌ಗಳಿಗೆ ಚಿನ್ನದ ಲೇಪನ ಏಕೆ? ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಪದೇ ಪದೇ ಸಿಕ್ಕಿಸಿ ತೆಗೆಯುವ, ಕರಾವಳಿಯಂಥ ತೇವದ ಗಾಳಿಯಲ್ಲಿ ಇರುವ ಪಿನ್‌ಗಳಿಗೆ ಅದು ಉಪಯೋಗ. ಬೆಸುಗೆ ಹಾಕಿ ಮುಚ್ಚಿಬಿಡುವ ವೈರ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ಓಎಫ್‌ಸಿ ಎಂದರೆ ಆಮ್ಲಜನಕ ತೆಗೆದ ತಾಮ್ರ. ಸಾಮಾನ್ಯ ವಿದ್ಯುತ್ ತಾಮ್ರವೇ ಶೇ. 99.9ರಷ್ಟು ಶುದ್ಧ. ಓಎಫ್‌ಸಿ ಅದಕ್ಕಿಂತ ಸುಮಾರು ಶೇ. 1ರಷ್ಟು ಮಾತ್ರ ಉತ್ತಮ ವಾಹಕ. ಅದು ಬೇಕಾಗುವುದು ನಿರ್ವಾತ ಕೊಳವೆಗಳಂಥ ಉಪಕರಣಗಳಲ್ಲಿ, ಹೈಡ್ರೋಜನ್ ಅನಿಲದಲ್ಲಿ ಕಾಯಿಸಿದಾಗ ತಾಮ್ರ ಪೆಡಸಾಗಿ ಬಿರುಕು ಬಿಡಬಾರದು ಎಂಬ ಕಡೆ. ಕಿವಿಗೆ ಅದರಿಂದ ವ್ಯತ್ಯಾಸವಿಲ್ಲ.

ನಿಜವಾಗಿ ಎಚ್ಚರ ವಹಿಸಬೇಕಾದ ಲೋಹ ಬೇರೆ: ಮೇಲೆ ತಾಮ್ರದ ತೆಳು ಹೊದಿಕೆ, ಒಳಗೆ ಅಲ್ಯೂಮಿನಿಯಂ. ಇದನ್ನು ಸಿಸಿಎ ಎನ್ನುತ್ತಾರೆ. ಇದು ತಾಮ್ರದ ಸುಮಾರು ಶೇ. 65ರಷ್ಟು ಮಾತ್ರ ಕರೆಂಟ್ ಸಾಗಿಸಬಲ್ಲದು, ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ. ತಾಮ್ರವೆಂದು ನಂಬಿ ಕೊಂಡರೆ ಮೋಸ. ಗುರುತಿಸುವುದು ಸುಲಭ: ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಸಿಸಿಎ. ಹೊರಗೆ ಬಿಳಿ, ಒಳಗೆ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ. ಇದು ಒಳ್ಳೆಯ ವೈರ್, ಬೆಸುಗೆ ಬೇಗ ಹಿಡಿಯುತ್ತದೆ, ಹಸಿರು ಕಿಲುಬು ಬರುವುದಿಲ್ಲ.

ದಿಕ್ಕು ಮತ್ತು "ಪಳಗುವಿಕೆ"

ಸಂಗೀತದ ಸಿಗ್ನಲ್ ಎಂದರೆ ಎಸಿ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಅದೇ ದಿಕ್ಕು ಬದಲಿಸುತ್ತಿರುತ್ತದೆ. ವೈರ್‌ನಲ್ಲಿ ಹೋಗುವಾಗ ಒಂದು ಗುಣ, ಬರುವಾಗ ಇನ್ನೊಂದು ಗುಣ ಇದ್ದರೆ ಅದು ವೈರ್ ಆಗುವುದಿಲ್ಲ, ಡಯೋಡ್ ಆಗುತ್ತದೆ! ಕೆಲವು ಕೇಬಲ್‌ಗಳ ಮೇಲಿನ ಬಾಣಕ್ಕೆ ಒಂದು ನ್ಯಾಯವಾದ ಅರ್ಥ ಇರಬಹುದು: ಶೀಲ್ಡ್ ಅನ್ನು ಯಾವ ತುದಿಯಲ್ಲಿ ಮಾತ್ರ ಜೋಡಿಸಲಾಗಿದೆ ಎಂದು ಅದು ತೋರಿಸುತ್ತದೆ. ತಾಮ್ರಕ್ಕೆ ಮಾತ್ರ ದಿಕ್ಕು ಇಲ್ಲ.

ಪಳಗುವಿಕೆಯೂ ಹಾಗೆಯೇ. ಹೊಸ ಸ್ಪೀಕರ್‌ನ ರಬ್ಬರ್, ಬಟ್ಟೆಯ ಭಾಗಗಳು ಅಲುಗಾಡಿ ತುಸು ಸಡಿಲವಾಗುವುದುಂಟು. ವೈರ್‌ನಲ್ಲಿ ಅಲುಗಾಡುವ ಭಾಗವೇ ಇಲ್ಲ. ನೂರು ಗಂಟೆಯಲ್ಲಿ ಪಳಗುವುದು ಕೇಳುವವರ ಕಿವಿ.

"ಹೆಚ್ಚಿನ ಕಂಪನಾಂಕದಲ್ಲಿ ಕರೆಂಟ್ ವೈರ್‌ನ ಮೇಲ್ಮೈಯಲ್ಲಷ್ಟೇ ಹರಿಯುತ್ತದೆ" ಎಂಬ ಮಾತೂ ಬರುತ್ತದೆ. ಇದು ಭೌತವಿಜ್ಞಾನದಲ್ಲಿ ನಿಜವಾಗಿ ಇರುವ ವಿಷಯ. ಆದರೆ ಮನುಷ್ಯ ಕೇಳಬಲ್ಲ ಗರಿಷ್ಠ ಮಿತಿಯಾದ 20,000 ಹರ್ಟ್ಸ್‌ನಲ್ಲೂ ತಾಮ್ರದಲ್ಲಿ ಆ ಆಳ ಸುಮಾರು 0.46 ಮಿ.ಮೀ. ನಾವು ಸೆಟ್ ಒಳಗೆ ಹಾಕುವ ವೈರ್‌ನ ಒಟ್ಟು ಅಡ್ಡಗಲವೇ ಅರ್ಧ ಮಿ.ಮೀ. ಆಸುಪಾಸು. ಹೀಗಾಗಿ ಕರೆಂಟ್ ಹೆಚ್ಚುಕಡಿಮೆ ಇಡೀ ವೈರ್‌ನಲ್ಲೇ ಹರಿಯುತ್ತದೆ.

ಹಾಗಾದರೆ ವೈರ್‌ನ ವ್ಯತ್ಯಾಸ ಕೇಳಿಸುವುದು ಎಲ್ಲಿ?

ಮೊದಲನೆಯದು, ಸ್ಪೀಕರ್ ವೈರ್ ತೀರ ತೆಳುವಾದಾಗ. ಹೋಂ ಥಿಯೇಟರ್ ಸೆಟ್‌ಗಳ ಜೊತೆ ಬರುವಂಥ ತೆಳು ವೈರನ್ನು 5 ಮೀಟರ್ ದೂರಕ್ಕೆ ಎಳೆದರೆ, ಹೋಗಿ ಬರುವ ದಾರಿ ಸೇರಿ 10 ಮೀಟರ್. 7 ಎಳೆಯ ವೈರ್ ಆದರೆ ರೋಧ ಸುಮಾರು 0.8 ಓಮ್. 4 ಓಮ್ ಸ್ಪೀಕರ್‌ಗೆ ತಲುಪಬೇಕಾದ ಶಕ್ತಿಯಲ್ಲಿ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಸ್ಪೀಕರ್‌ನ ರೋಧ ಒಂದೊಂದು ಸ್ವರಕ್ಕೆ ಒಂದೊಂದು ತರಹ ಇರುವುದರಿಂದ ಧ್ವನಿಯ ಬಣ್ಣವೂ ತುಸು ಬದಲಾಗುತ್ತದೆ. ಅದೇ ದೂರಕ್ಕೆ 2.5 ಚದರ ಮಿ.ಮೀ. ಮನೆ ವೈರಿಂಗ್‌ನ ಮೆತ್ತನೆಯ ತಾಮ್ರದ ವೈರ್ ಹಾಕಿದರೆ ರೋಧ ಸುಮಾರು 0.07 ಓಮ್. ಸಮಸ್ಯೆ ಮುಗಿಯಿತು.

ಎರಡನೆಯದು, ಶೀಲ್ಡೆಡ್ ವೈರ್ ತೀರ ಉದ್ದವಾದಾಗ. ಒಳಗಿನ ವೈರ್ ಮತ್ತು ಹೊರಗಿನ ಶೀಲ್ಡ್ ಸೇರಿ ಒಂದು ಸಣ್ಣ ಕೆಪಾಸಿಟರ್‌ನಂತೆ ವರ್ತಿಸುತ್ತವೆ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುವುದು ಸಾಮಾನ್ಯ, ಕೆಲವದರಲ್ಲಿ ಇನ್ನೂ ಹೆಚ್ಚು. ಫೋನ್, ಮಿಕ್ಸರ್‌ನಂಥವುಗಳಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಅಥವಾ 100 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್ ನಂತರದ ವೈರ್ ಉದ್ದವಾದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಪರಿಹಾರ ಸರಳ: ವಾಲ್ಯೂಮ್ ಕಂಟ್ರೋಲ್‌ನಿಂದ ಬೋರ್ಡ್‌ಗೆ ಹೋಗುವ ವೈರ್ ಆದಷ್ಟು ಗಿಡ್ಡ ಇರಲಿ.

ಮೂರನೆಯದು, ಎಲ್ಲರನ್ನೂ ಕಾಡುವುದು: ಗುಂಯ್ ಸದ್ದು. ಅದಕ್ಕೆ ಮುಂದೆ ಬರೋಣ.

ಹುಕಪ್ ವೈರ್ ಆರಿಸುವುದು ಹೇಗೆ?

ಸೆಟ್ ಒಳಗಿನ ಜೋಡಣೆಗೆ ಬಳಸುವ ಬಿಡಿ ವೈರ್‌ಗೆ ಹುಕಪ್ ವೈರ್ ಎನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಣ್ಣ ಬಣ್ಣದ ಸುರುಳಿಗಳು ಸಿಗುತ್ತವೆ. ಕೊಳ್ಳುವಾಗ ನಾಲ್ಕು ಸಂಗತಿ ನೋಡಿದರೆ ಸಾಕು.

ದಪ್ಪ: ವೈರ್ ಅಳತೆಯನ್ನು 7/0.2, 16/0.2, 24/0.2 ಎಂದು ಬರೆದಿರುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಒಂದು ಎಳೆಯ ದಪ್ಪ ಮಿ.ಮೀ.ನಲ್ಲಿ. ಸಾಮಾನ್ಯವಾಗಿ ಇವನ್ನು ಕ್ರಮವಾಗಿ 1.4, 3 ಮತ್ತು 6 ಆಂಪಿಯರ್‌ವರೆಗೆ ಬಳಸುತ್ತಾರೆ. ಸಿಗ್ನಲ್, ಎಲ್‌ಇಡಿಗಳಿಗೆ ಮೊದಲನೆಯದು, ಸಣ್ಣ ಬೋರ್ಡ್‌ಗಳ ಪವರ್‌ಗೆ ಎರಡನೆಯದು, ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರ್‌ಗೆ ಮೂರನೆಯದು ಅಥವಾ ಇನ್ನೂ ದಪ್ಪ. ಅಂಗಡಿಯಲ್ಲಿ 23/76, 40/76 ಎಂದರೆ ಹಳೆಯ ಅಂಗುಲದ ಲೆಕ್ಕ, ಒಂದು ಎಳೆ 0.0076 ಅಂಗುಲ. ಗೇಜ್ ಹೇಳುವಾಗಲೂ ಎಚ್ಚರ: ಅಮೆರಿಕದ 22 ಗೇಜ್ 0.64 ಮಿ.ಮೀ., ಬ್ರಿಟಿಷ್ 22 ಗೇಜ್ 0.71 ಮಿ.ಮೀ. ಅಂಕಿ ಒಂದೇ, ವೈರ್ ಬೇರೆ.

ಒಂಟಿ ಎಳೆಯೋ, ಹಲವು ಎಳೆಯೋ: ಒಂಟಿ ಎಳೆಯ ವೈರ್ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಅಲುಗಾಡದ ಜಾಗಕ್ಕೆ ಚೆಂದ. ಆದರೆ ಪದೇ ಪದೇ ಬಗ್ಗಿದರೆ ಬೆಸುಗೆಯ ಬುಡದಲ್ಲಿ ಮುರಿಯುತ್ತದೆ. ಮುಚ್ಚಳಕ್ಕೆ ಹೋಗುವ, ಸಾಗಣೆಯಲ್ಲಿ ಅದುರುವ ಸೆಟ್‌ನ ವೈರ್ ಹಲವು ಎಳೆಯದ್ದೇ ಇರಲಿ. ಧ್ವನಿಯಲ್ಲಿ ಎರಡಕ್ಕೂ ಭೇದವಿಲ್ಲ. ಉಳಿದ ಲ್ಯಾನ್ ಕೇಬಲ್ ತುಂಡು ಮನೆಯಲ್ಲಿದ್ದರೆ, ಅದು ಸಿಸಿಎ ಅಲ್ಲವೆಂದು ಕೆರೆದು ನೋಡಿ, ಅದರೊಳಗಿನ ಹೊಸೆದ ಜೋಡಿಗಳನ್ನು ಸಣ್ಣ ಸಿಗ್ನಲ್‌ಗೆ ಧಾರಾಳವಾಗಿ ಬಳಸಬಹುದು. ಆದರೆ 230 ವೋಲ್ಟ್‌ಗೆ ಖಂಡಿತ ಬಳಸಬೇಡಿ.

ಹೊದಿಕೆ: ಸಾಮಾನ್ಯ ಪಿವಿಸಿ ಹೊದಿಕೆ ಅಗ್ಗ, ಆದರೆ ಬೆಸುಗೆ ಹಾಕುವಾಗ ಕರಗಿ ಹಿಂದೆ ಸರಿಯುತ್ತದೆ. ಟೆಫ್ಲಾನ್ ಹೊದಿಕೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಹೀಟ್‌ಸಿಂಕ್, ದೊಡ್ಡ ರೆಸಿಸ್ಟರ್, ವಾಲ್ವ್‌ಗಳ ಪಕ್ಕದಲ್ಲಿ ಹಾದುಹೋಗುವ ವೈರ್‌ಗೆ ಅದಕ್ಕೆ ಕೊಡುವ ಹಣ ಸಾರ್ಥಕ. ಟೆಫ್ಲಾನ್ ವೈರ್‌ನ ಎಳೆಗಳಿಗೆ ಬೆಳ್ಳಿ ಲೇಪನ ಇರುವುದು ಸಾಮಾನ್ಯ. ಅದು ಹೊದಿಕೆ ಹಾಕುವಾಗಿನ ಶಾಖ ತಡೆಯಲು, ಧ್ವನಿಗಾಗಿ ಅಲ್ಲ.

ವೋಲ್ಟ್: ಹೊದಿಕೆಯ ಮೇಲೆ ಅಥವಾ ಸುರುಳಿಯ ಚೀಟಿಯ ಮೇಲೆ 300 ವೋಲ್ಟ್, 600 ವೋಲ್ಟ್ ಎಂದು ಬರೆದಿರುತ್ತದೆ. ವಾಲ್ವ್ ಆಂಪ್ಲಿಫೈಯರ್‌ನಲ್ಲಿ 250ರಿಂದ 450 ವೋಲ್ಟ್ ಡಿಸಿ ಇರುವುದು ಸಾಮಾನ್ಯ, ಅಲ್ಲಿ 600 ವೋಲ್ಟ್‌ನದೇ ಬೇಕು. 230 ವೋಲ್ಟ್ ಭಾಗಕ್ಕೆ ಐಎಸ್ 694 ಎಂಬ ಭಾರತೀಯ ಮಾನಕದ ಗುರುತಿರುವ ವೈರ್ ಕೊಳ್ಳಿ. ಬೆಳ್ಳಿಗೆ ಕೊಡಬೇಕೆಂದಿದ್ದ ಹಣದಲ್ಲಿ ಸಣ್ಣ ಪಾಲು ಇಲ್ಲಿ ಹಾಕಿದರೆ ಸಾಕು.

ಶೀಲ್ಡೆಡ್ ವೈರ್: ಎಲ್ಲಿ ಬೇಕು, ಹೇಗೆ ಜೋಡಿಸಬೇಕು?

ಶೀಲ್ಡ್ ಎಂದರೆ ಸಿಗ್ನಲ್ ವೈರ್ ಸುತ್ತ ಇರುವ ಲೋಹದ ಕವಚ. ಮೂರು ಬಗೆ ಇವೆ. ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದದ್ದು ಗಟ್ಟಿ, ಬಾಳಿಕೆ ಬರುತ್ತದೆ. ಎಳೆಗಳನ್ನು ಸುಮ್ಮನೆ ಸುತ್ತಿದ್ದು ಮೆತ್ತಗೆ, ವೇದಿಕೆಯ ಮೈಕ್ ಕೇಬಲ್‌ಗೆ ಅನುಕೂಲ. ಹಾಳೆಯದ್ದು ಪೂರ್ತಿ ಮುಚ್ಚುತ್ತದೆ, ಆದರೆ ಬಗ್ಗಿಸುತ್ತಿದ್ದರೆ ಹರಿಯುತ್ತದೆ. ಆದ್ದರಿಂದ ಅದನ್ನು ಅಲುಗಾಡದ ಜಾಗದಲ್ಲಿ ಬಳಸಬೇಕು.

ಬೇಕಾಗುವುದು ಮೈಕ್, ಗ್ರಾಮಫೋನ್ ಪಿಕಪ್, ಇನ್‌ಪುಟ್ ಸಾಕೆಟ್, ವಾಲ್ಯೂಮ್ ಕಂಟ್ರೋಲ್ ವೈರ್‌ಗಳಿಗೆ. ಸ್ಪೀಕರ್ ವೈರ್‌ಗೆ ಬೇಡವೇ ಬೇಡ.

ಜೋಡಿಸುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ. ಒಳಗೆ ಒಂದೇ ವೈರ್ ಇದ್ದರೆ ಶೀಲ್ಡ್ ಸಿಗ್ನಲ್ ಮರಳಿ ಹೋಗುವ ದಾರಿಯೂ ಹೌದು, ಎರಡೂ ತುದಿಯಲ್ಲಿ ಜೋಡಿಸಲೇಬೇಕು. ಒಳಗೆ ಎರಡು ವೈರ್ ಇದ್ದು, ಒಂದು ಸಿಗ್ನಲ್‌ಗೆ ಇನ್ನೊಂದು ಗ್ರೌಂಡ್‌ಗೆ ಬಳಸಿದ್ದರೆ, ಸೆಟ್ ಒಳಗೆ ಶೀಲ್ಡ್ ಅನ್ನು ಒಂದೇ ತುದಿಯಲ್ಲಿ ಜೋಡಿಸಿ, ಇನ್ನೊಂದು ತುದಿಯನ್ನು ಕತ್ತರಿಸಿ ಸ್ಲೀವ್ ಹಾಕಿ.

ಇನ್ನೊಂದು ಮಾತು. ಶೀಲ್ಡ್ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ಟ್ರಾನ್ಸ್‌ಫಾರ್ಮರ್‌ನ 50 ಹರ್ಟ್ಸ್ ಕಾಂತಕ್ಷೇತ್ರವನ್ನು ತೆಳು ತಾಮ್ರದ ಜಡೆ ತಡೆಯುವುದಿಲ್ಲ. ಅದಕ್ಕೆ ಉಪಾಯ ಬೇರೆ: ಎಸಿ ವೈರ್‌ಗಳನ್ನು ಜೋಡಿಯಾಗಿ ಬಿಗಿಯಾಗಿ ಹೊಸೆಯಿರಿ, ಟ್ರಾನ್ಸ್‌ಫಾರ್ಮರ್ ಅನ್ನು ಇನ್‌ಪುಟ್‌ನಿಂದ ದೂರವಿಡಿ, ಸಿಗ್ನಲ್ ವೈರ್ ಎಸಿ ವೈರ್‌ಗೆ ಅಡ್ಡ ಬರಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ, ಪಕ್ಕಪಕ್ಕ ಓಡಿಸಬೇಡಿ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಗುಂಯ್ ಸದ್ದು ಎಲ್ಲಿಂದ ಬರುತ್ತಿದೆ?

ವಾಲ್ಯೂಮ್ ಪೂರ್ತಿ ಇಳಿಸಿ. ಆಗಲೂ ಸದ್ದು ಹಾಗೇ ಇದ್ದರೆ ದೋಷ ಪವರ್ ಸಪ್ಲೈ ಅಥವಾ ಪವರ್ ಬೋರ್ಡ್ ಕಡೆ. ವಾಲ್ಯೂಮ್ ಜೊತೆ ಸದ್ದೂ ಏರಿಳಿದರೆ ಇನ್‌ಪುಟ್ ಕಡೆ. ಈಗ ಹೊರಗಿನ ಕೇಬಲ್ ತೆಗೆದು ನೋಡಿ. ತೆಗೆದಾಗ ನಿಂತರೆ, ಎರಡು ಉಪಕರಣಗಳು ಎರಡು ದಾರಿಯಲ್ಲಿ ಅರ್ತ್ ಆಗಿ ನಡುವೆ ಒಂದು ಸುತ್ತು ಉಂಟಾಗಿರುವ ಸಾಧ್ಯತೆ ಹೆಚ್ಚು. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು. ಬ್ಲೂಟೂತ್ ಬೋರ್ಡ್‌ಗೂ ಆಂಪ್ಲಿಫೈಯರ್‌ಗೂ ಒಂದೇ ಸಪ್ಲೈ ಕೊಟ್ಟಾಗ ಬರುವ ಚಿರಿಚಿರಿ ಸದ್ದಿಗೂ ಹಲವು ಸಲ ಇದೇ ಕಾರಣ.

ಇಲ್ಲೇ ಆ ಅಪಾಯಕಾರಿ ಸಂದೇಶ ಬರುವುದು. ಅರ್ತ್ ಪಿನ್ ತೆಗೆದರೆ ಸುತ್ತು ತುಂಡಾಗುತ್ತದೆ, ಸದ್ದು ನಿಲ್ಲುವುದೂ ಉಂಟು. ಅದಕ್ಕೇ ಜನ ನಂಬುತ್ತಾರೆ. ಆದರೆ ಅರ್ತ್ ಇರುವುದು ಸದ್ದಿಗಾಗಿ ಅಲ್ಲ. ಟ್ರಾನ್ಸ್‌ಫಾರ್ಮರ್‌ನ ಹೊದಿಕೆ ಸುಟ್ಟು ಅಥವಾ ಸ್ವಿಚ್ಚಿನ ವೈರ್ ಕಳಚಿ ಪೆಟ್ಟಿಗೆಗೆ ತಾಗಿದರೆ, ಅರ್ತ್ ಇದ್ದಾಗ ಜೋರು ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮ್ಮನೆ ಕುಳಿತಿರುತ್ತದೆ. ಪೆಟ್ಟಿಗೆಗೆ ಜೋಡಿಸಿದ ಶೀಲ್ಡ್ ಮೂಲಕ ಅದು ಮೈಕ್‌ನ ಲೋಹದವರೆಗೆ, ಗಿಟಾರ್‌ನ ತಂತಿಯವರೆಗೆ ತಲುಪುತ್ತದೆ. ಮುಟ್ಟಿದವರೇ ಅರ್ತ್ ಆಗುತ್ತಾರೆ.

ಇದು ಊಹೆಯ ಮಾತಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ವೇದಿಕೆಯ ಮೇಲೆ ಸರಿಯಾಗಿ ಅರ್ತ್ ಆಗಿರದ ಮೈಕ್ ಮುಟ್ಟಿ ಪ್ರಾಣ ಕಳೆದುಕೊಂಡರು. ಹಬ್ಬದ ಪೆಂಡಾಲು, ಮಳೆಗೆ ನೆನೆದ ನೆಲ, ಬರಿಗಾಲಿನ ಹಾಡುಗಾರರು ಇರುವ ನಮ್ಮಲ್ಲಿ ಅಪಾಯ ಕಡಿಮೆಯೇನಲ್ಲ.

"ಟಿವಿ, ಡಿವಿಡಿ ಪ್ಲೇಯರ್‌ಗಳಿಗೆ ಎರಡೇ ಪಿನ್ ಇರುತ್ತದಲ್ಲ?" ಎಂದು ಕೇಳಬಹುದು. ಅವುಗಳ ಹಿಂದೆ ಚೌಕದೊಳಗೆ ಚೌಕದ ಗುರುತು ನೋಡಿ. ಅವನ್ನು ಎರಡು ಪದರ ಹೊದಿಕೆಯೊಂದಿಗೆ ವಿನ್ಯಾಸ ಮಾಡಿರುತ್ತಾರೆ. ಮನೆಯಲ್ಲಿ ಕಟ್ಟಿದ ಲೋಹದ ಪೆಟ್ಟಿಗೆಗೆ ಅಂಥ ರಕ್ಷಣೆ ಇರುವುದಿಲ್ಲ.

ಸುರಕ್ಷಿತ ಪರಿಹಾರಗಳು ಇವೆ. ಎರಡೂ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಸಿಗ್ನಲ್ ದಾರಿಯಲ್ಲಿ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಿ. ಬ್ಲೂಟೂತ್ ಬೋರ್ಡ್‌ಗೆ ಬೇರೆಯೇ ಐಸೊಲೇಟೆಡ್ ಸಪ್ಲೈ ಕೊಡಿ. ಸೆಟ್ ಒಳಗೆ ಎಲ್ಲ ಗ್ರೌಂಡ್ ವೈರ್‌ಗಳನ್ನು ಒಂದೇ ಬಿಂದುವಿಗೆ ತನ್ನಿ. ಸುತ್ತನ್ನು ಸಿಗ್ನಲ್ ಕಡೆ ಮುರಿಯಿರಿ, ಅರ್ತ್ ಕಡೆ ಅಲ್ಲ.

"ಆದರೆ ನನಗೆ ವ್ಯತ್ಯಾಸ ಕೇಳಿಸಿತಲ್ಲ!"

ಕೇಳಿಸಿರಬಹುದು. ಹಾಗೆ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆ ಎಂದು ನಾವು ಹೇಳುತ್ತಿಲ್ಲ. ವೈರ್ ಬದಲಿಸುವಾಗ ಹಳೆಯ ಬೆಸುಗೆ, ಕಿಲುಬು ಹಿಡಿದ ಪಿನ್ ಹೋಗಿ ಹೊಸದು ಬಂದಿರುತ್ತದೆ. ಸದ್ದು ಸುಧಾರಿಸಿದ್ದು ಅದರಿಂದ ಇರಬಹುದು. ಇಲ್ಲವೇ ದುಡ್ಡು ಕೊಟ್ಟು ತಂದದ್ದು ಚೆನ್ನಾಗಿರಲೇಬೇಕು ಎಂದು ಮನಸ್ಸು ಬಯಸುತ್ತದೆ, ಕಿವಿ ಹಾಗೇ ಕೇಳುತ್ತದೆ.

ಪರೀಕ್ಷೆ ಸುಲಭ. ಗೆಳೆಯರೊಬ್ಬರು ನಿಮಗೆ ಕಾಣದಂತೆ ಎರಡು ಕೇಬಲ್‌ಗಳಲ್ಲಿ ಒಂದನ್ನು ಜೋಡಿಸಲಿ, ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಿ. ವಾಲ್ಯೂಮ್ ಮುಟ್ಟಬಾರದು. 16 ಸಲ ಮಾಡಿ. ಬರೀ ಊಹೆಯಿಂದಲೇ 8ರ ಆಸುಪಾಸು ಸರಿಯಾಗುತ್ತದೆ. 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ಯೋಚಿಸಬೇಕಾದ ವಿಷಯ. 2007ರಲ್ಲಿ ಅಮೆರಿಕದ ಜೇಮ್ಸ್ ರ‍್ಯಾಂಡಿ ದುಬಾರಿ ಸ್ಪೀಕರ್ ಕೇಬಲ್‌ಗಳ ವಿಷಯದಲ್ಲಿ ಇಂಥದ್ದೇ ಸವಾಲು ಹಾಕಿ, ತಮ್ಮ 10 ಲಕ್ಷ ಡಾಲರ್ ಬಹುಮಾನವನ್ನು ಮುಂದಿಟ್ಟಿದ್ದರು. ಆ ಹಣ ಯಾರ ಕೈಗೂ ಸೇರಲಿಲ್ಲ.

ಅಂಗಡಿಗೆ ಹೋಗುವ ಮುನ್ನ

• 230 ವೋಲ್ಟ್ ಭಾಗ: ಐಎಸ್ ಗುರುತಿನ ಮೂರು ಕೋರ್ ತಾಮ್ರದ ವೈರ್, 0.75 ಚದರ ಮಿ.ಮೀ. ಅಥವಾ ಹೆಚ್ಚು. ಫೇಸ್ ವೈರ್ ಮೊದಲು ಫ್ಯೂಸ್‌ಗೆ, ನಂತರ ಸ್ವಿಚ್‌ಗೆ. ಅರ್ತ್‌ಗೆ ಪೆಟ್ಟಿಗೆಯಲ್ಲಿ ಬೇರೆಯದೇ ಬೋಲ್ಟ್. ಪ್ರತಿ ಜೋಡಣೆಗೂ ಸ್ಲೀವ್.
• ಸ್ಪೀಕರ್: ದೂರ ಹೆಚ್ಚಾದಷ್ಟೂ ದಪ್ಪ ತಾಮ್ರ. ಬ್ರಾಂಡ್ ಮುಖ್ಯವಲ್ಲ.
• ಸಿಗ್ನಲ್: ಗಿಡ್ಡ ಶೀಲ್ಡೆಡ್ ವೈರ್, ಸಾಧಾರಣ ತಾಮ್ರದ್ದು ಸಾಕು.
• ಬಿಸಿಯಾಗುವ ಜಾಗ: ಟೆಫ್ಲಾನ್.
• ಕೊಳ್ಳುವ ಮೊದಲು ಒಂದು ಎಳೆ ಕೆರೆದು ನೋಡಿ.

230 ವೋಲ್ಟ್ ಭಾಗದ ಕೆಲಸ ಗೊತ್ತಿಲ್ಲದಿದ್ದರೆ ತಿಳಿದವರ ಕೈಯಲ್ಲಿ ಮಾಡಿಸಿ. ಬೆಳ್ಳಿ ವೈರ್‌ನ ಸಂದೇಶ ನಿಮ್ಮ ಗುಂಪಿಗೆ ಬಂದರೆ ನಕ್ಕು ಸುಮ್ಮನಿರಬಹುದು. ಅರ್ತ್ ತೆಗೆಯಿರಿ ಎಂಬ ಸಂದೇಶ ಬಂದರೆ ಮಾತ್ರ ಸುಮ್ಮನಿರಬೇಡಿ, ಅದು ತಪ್ಪು ಎಂದು ಅಲ್ಲೇ ಬರೆಯಿರಿ. ಆ ಗುಂಪಿನಲ್ಲಿ ಯಾರೋ ಒಬ್ಬರು ಅದೇ ಹೊತ್ತಿಗೆ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಕುಳಿತಿರಬಹುದು.